ಎದುರಿನ ಹಳದಿ ಗೋಡೆ ಮತ್ತು ನನ್ನ ರೆಂಡರ್ ಸಾಫ್ಟ್‌ವೇರ್

ನಮ್ಮ ಅಡುಗೆಮನೆ 8.5 ಅಡಿ ಉದ್ದ, 7 ಅಡಿ ಅಗಲ. ಹೋದ ನವೆಂಬರ್‌ನಲ್ಲಿ ಒಂದು ಭಾನುವಾರ ಟೇಪ್ ಹಿಡಿದು ಮೂಲೆಮೂಲೆ ಅಳೆದೆ. ಕಟ್ಟೆಯ ಎತ್ತರ, ಕಿಟಕಿ ನೆಲದಿಂದ ಎಷ್ಟು ಮೇಲಿದೆ, ಗ್ರಿಲ್ ಪಟ್ಟಿಗಳ ನಡುವಿನ ಸಂದು, ಅಟ್ಟದ ಆಳ, ಎಲ್ಲಾ ನೋಟ್‌ಬುಕ್ಕಿಗೆ ಇಳಿಯಿತು. ಒಲೆಯ ಮುಂದೆ ಅತ್ತೆ ಬೇಳೆ ಒಗ್ಗರಣೆ ಹಾಕುತ್ತಿದ್ದರು.

"ಏನವಾ, ಮನಿ ಮಾರಾಕತ್ತೀರೇನ?" ಎಂದು ಕೇಳಿದರು.

"ಇಲ್ರಿ ಅತ್ತಿ, ಕಂಪ್ಯೂಟರ್‌ನ್ಯಾಗ ಕಟ್ಟಾಕತ್ತೇನ್ರಿ" ಎಂದೆ.

ನನ್ನ ಕೆಲಸ ಅದೇ. ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡುವುದು. ಹುಬ್ಬಳ್ಳಿಯಲ್ಲಿ ಆರ್ಕಿಟೆಕ್ಚರ್ ಓದಿ ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ಮೊದಲ ಎಂಟು ವರ್ಷ ಒಂದು ಸ್ಟುಡಿಯೋದಲ್ಲಿ, ಆಮೇಲೆ ಕೋಥ್ರುಡ್‌ನ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ. ಆರ್ಕಿಟೆಕ್ಟ್ ಕಳಿಸಿದ ಪ್ಲಾನ್ ಬರುತ್ತದೆ. ನಾನು ಗೋಡೆ ಎಬ್ಬಿಸಿ, ಕಲ್ಲು ಹಾಸಿ, ಬಿಸಿಲು ಬಿಟ್ಟು, ಸೋಫಾ ಇಟ್ಟು ಚಿತ್ರ ಕೊಡುತ್ತೇನೆ. ಅದನ್ನು ನೋಡಿ ಜನ ದುಡ್ಡು ಕಟ್ಟುತ್ತಾರೆ. ಮನೆ ಆಮೇಲೆ ಬರುತ್ತದೆ.

ಅಡುಗೆಮನೆ ಯಾಕೆ ಅಳೆದೆ ಅಂದರೆ, ಆ ತಿಂಗಳು ನನ್ನ ರೆಂಡರ್ ಸಾಫ್ಟ್‌ವೇರ್‌ನ, ಅಂದರೆ ಬೆಳಕಿನ ಲೆಕ್ಕ ಹಾಕಿ ಈ ಚಿತ್ರ ತೆಗೆಯುವ ಸಾಫ್ಟ್‌ವೇರ್‌ನ ಲೈಸೆನ್ಸ್ ಮುಗಿಯುತ್ತಿತ್ತು. ಮತ್ತೆ ಅದನ್ನೇ ಕಟ್ಟಲೋ, ಬೇರೆಯದಕ್ಕೆ ಹೋಗಲೋ ಎಂದು ಎರಡು ವಾರ ಒದ್ದಾಡಿದೆ. ಪ್ರತಿ ಕಂಪನಿಯ ಗ್ಯಾಲರಿ ತೆರೆದರೂ ಚಂದದ ಚಿತ್ರಗಳೇ. ನಾರ್ವೆಯ ಕಾಡಿನಲ್ಲಿ ಮರದ ಮನೆ, ಹೊರಗೆ ಮಂಜು, ಒಳಗೆ ಬೆಂಕಿ. ಅದನ್ನು ನೋಡಿ ನಾನು ಏನನ್ನು ತೀರ್ಮಾನಿಸಲಿ? ಆ ಮನೆಯನ್ನು ನಾನು ನೋಡಿಲ್ಲ. ಅಲ್ಲಿ ಬೆಳಕು ಹಾಗೇ ಬೀಳುತ್ತದೆಯೋ ಇಲ್ಲವೋ ಗೊತ್ತಿಲ್ಲ. ಸರಿಯಾಗಿ ಗೊತ್ತಿರುವ ಒಂದು ಕೋಣೆ ಬೇಕಿತ್ತು. ಪಕ್ಕದಲ್ಲೇ ಎದ್ದು ಹೋಗಿ ನೋಡಿ ಬರುವಂಥದ್ದು. ಹಾಗಾಗಿ ನಮ್ಮ ಅಡುಗೆಮನೆ.

ಇದರ ಹಿಂದೆ ಇನ್ನೊಂದು ಕಥೆಯೂ ಇದೆ. ಅದನ್ನು ಹೇಳದಿದ್ದರೆ ನನ್ನ ಹಟ ಅರ್ಥ ಆಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಊರ ಹೊರಗಿನ ಒಂದು ದೊಡ್ಡ ಪ್ರಾಜೆಕ್ಟಿಗೆ ಬ್ರೋಷರ್ ಚಿತ್ರ ಮಾಡಿಕೊಟ್ಟೆ. ಹಾಲ್ ಉತ್ತರಕ್ಕೆ ಮುಖ ಮಾಡಿತ್ತು. ಬಿಲ್ಡರ್ ಕಡೆಯವರಿಗೆ ಸೋಫಾದ ಮೇಲೆ ಬಿಸಿಲು ಬೇಕಿತ್ತು. "ಸೂರ್ಯನನ್ನು ಸ್ವಲ್ಪ ತಿರುಗಿಸಿ ಮೇಡಂ" ಎಂದರು. ತಿರುಗಿಸಿದೆ. ಮೌಸ್ ಒಂದು ಸಲ ಎಳೆದರೆ ಸಾಕು, ಅಷ್ಟೇ ಕೆಲಸ. ಚಿತ್ರ ತುಂಬಾ ಚೆನ್ನಾಗಿ ಬಂತು. ಎರಡು ವರ್ಷದ ಮೇಲೆ ಬೇರೆ ಕೆಲಸಕ್ಕೆ ಆ ಸೈಟಿಗೆ ಹೋದಾಗ ಫ್ಲ್ಯಾಟಿನ ಕೀಲಿ ತೆಗೆದುಕೊಳ್ಳಲು ಒಬ್ಬ ಗಂಡ ಹೆಂಡತಿ ಬಂದಿದ್ದರು. ಡಿಸೆಂಬರ್ ಮಧ್ಯಾಹ್ನ. ಆ ಹೆಣ್ಣುಮಗಳು ಬ್ರೋಷರ್ ಕೈಯಲ್ಲಿ ಹಿಡಿದುಕೊಂಡು ಹಾಲ್‌ನಲ್ಲಿ ನಿಂತಿದ್ದಳು. "ಇಲ್ಲಿ ಬಿಸಿಲು ಎಲ್ಲಿ?" ಎಂದು ಗಂಡನನ್ನು ಕೇಳಿದಳು. ಹೊಟ್ಟೆಯೊಳಗೆ ಕೂಸಿತ್ತು. ಕೂಸಿಗೆ ಬೆಳಗಿನ ಬಿಸಿಲು ಬೇಕು ಎಂದು ಲೆಕ್ಕ ಹಾಕಿ ಆ ಫ್ಲ್ಯಾಟ್ ಆರಿಸಿದ್ದರಂತೆ. ನಾನು ಅಲ್ಲೇ ಬಾಗಿಲ ಹತ್ತಿರ ಇದ್ದೆ. ಏನೂ ಹೇಳಲಾಗಲಿಲ್ಲ.

ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ಸರಿಯುತ್ತಾನೆ. ಆಗಲೂ ಇರುವುದು ಹೆಚ್ಚುಕಡಿಮೆ ನೆತ್ತಿಯ ಮೇಲೇ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ದಕ್ಷಿಣದಲ್ಲಿ 48 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಉತ್ತರದ ಹಾಲ್‌ಗೆ ಚಳಿಗಾಲದಲ್ಲಿ ಬಿಸಿಲು ಬೀಳುವುದಿಲ್ಲ ಅಂದರೆ ಬೀಳುವುದಿಲ್ಲ. ಇದು ನನಗೆ ಕಾಲೇಜಿನ ಎರಡನೇ ವರ್ಷದಿಂದ ಗೊತ್ತು.

ಮನೆ ಕೊಳ್ಳುವವರ ರಕ್ಷಣೆಗೆ ಬಂದ 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 12ನೇ ಸೆಕ್ಷನ್ ಇದರ ಬಗ್ಗೆಯೇ ಇದೆ. ಜಾಹೀರಾತು, ಬ್ರೋಷರ್, ಮಾದರಿ ಫ್ಲ್ಯಾಟ್ ಇವುಗಳಲ್ಲಿ ಸುಳ್ಳು ತೋರಿಸಿ, ಅದನ್ನು ನಂಬಿ ದುಡ್ಡು ಕೊಟ್ಟವರಿಗೆ ನಷ್ಟವಾದರೆ ಬಿಲ್ಡರ್ ತುಂಬಿಕೊಡಬೇಕು. ಕೊಂಡವರು ಬೇಡ ಅಂದರೆ ಬಡ್ಡಿ ಸಮೇತ ಹಣ ವಾಪಸ್. ಚಿತ್ರ ಮಾಡಿದವರ ಹೆಸರು ಆ ಸೆಕ್ಷನ್‌ನಲ್ಲಿ ಇಲ್ಲ. ಆದರೂ ಅವತ್ತಿನಿಂದ ನಾನು ಪ್ರತಿ ಫೈಲ್‌ನಲ್ಲಿ ಮೊದಲು ಊರು ಮತ್ತು ಉತ್ತರ ದಿಕ್ಕು ಹಾಕಿ ಲಾಕ್ ಮಾಡುತ್ತೇನೆ. ಗೋಡೆ ಆಮೇಲೆ.

ಈಗ ಅಡುಗೆಮನೆಗೆ ಬರುತ್ತೇನೆ.

ಕಟ್ಟೆಗೆ ಕಪ್ಪು ಕಡಪಾ ಕಲ್ಲು, ನೆಲಕ್ಕೆ ಹಸಿರು ಛಾಯೆಯ ಕೋಟಾ ಕಲ್ಲು. ಗೋಡೆಗೆ ನಾಲ್ಕು ಅಡಿಯ ತನಕ ಬಿಳಿ ಟೈಲ್ಸ್, ಅದರ ಮೇಲೆ ಸುಣ್ಣದ ಬಿಳಿ. ಪೂರ್ವಕ್ಕೆ ಒಂದೇ ಕಿಟಕಿ, ಅದಕ್ಕೆ ಬಾಕ್ಸ್ ಗ್ರಿಲ್. ಗ್ರಿಲ್ ಒಳಗೆ ಎರಡು ತುಳಸಿ ಕುಂಡ, ಒಂದು ಒರೆಸುವ ಬಟ್ಟೆ. ಪಕ್ಕದಲ್ಲಿ ಡ್ರೈ ಬಾಲ್ಕನಿ, ಅಲ್ಲಿ ವಾಷಿಂಗ್ ಮಷಿನ್. ಕಂಪ್ಯೂಟರ್‌ನಲ್ಲಿ ಇದರ ಮಾಡೆಲ್ ಮಾಡಲು ಎರಡು ದಿನ ಹಿಡಿಯಿತು. ಅದರಲ್ಲಿ ಅರ್ಧ ದಿನ ಸ್ಟೀಲ್ ಡಬ್ಬಿಗಳಿಗೇ ಹೋಯಿತು. ಯಾವ ಸಾಫ್ಟ್‌ವೇರ್‌ನ ಲೈಬ್ರರಿ (ಸಿದ್ಧ ಸಾಮಾನುಗಳ ಸಂಗ್ರಹ) ತೆರೆದರೂ ಕಾಫಿ ಮಷಿನ್ ಇದೆ, ವೈನ್ ಗ್ಲಾಸ್ ಇದೆ. ಪ್ರೆಷರ್ ಕುಕ್ಕರ್ ಹುಡುಕಬೇಕು. ರೊಟ್ಟಿ ಹಂಚು, ಈಳಿಗೆ, ಇಡ್ಲಿ ಸ್ಟ್ಯಾಂಡ್ ಕೇಳುವುದೇ ಬೇಡ. ಇವನ್ನೆಲ್ಲ ನಾನೇ ಮಾಡಿಟ್ಟುಕೊಂಡಿದ್ದೇನೆ. ಈಗ ಆ ಫೋಲ್ಡರ್‌ನಲ್ಲಿ 140 ಸಾಮಾನುಗಳಿವೆ. ಮರಗಳದ್ದೂ ಅದೇ ಪಾಡು. ಮೇಪಲ್, ಬರ್ಚ್ ಬೇಕಾದಷ್ಟು ಸಿಗುತ್ತವೆ. ಪುಣೆಯ ರಸ್ತೆಗೆ ಬೇಕಾಗುವುದು ಗುಲ್‌ಮೊಹರ್, ಮಳೆಮರ, ಬೇವು, ಅರಳಿ. ಸಾಫ್ಟ್‌ವೇರ್ ನೋಡುವಾಗ ನಮ್ಮ ಕಡೆಯ ಮರ ಎಷ್ಟಿವೆ ಎಂದು ಲೈಬ್ರರಿಯಲ್ಲಿ ಎಣಿಸಿ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ಸಂಜೆ ನಾಲ್ಕೂವರೆಗೆ ಬಾಗಿಲಲ್ಲಿ ಟ್ರೈಪಾಡ್ ಇಟ್ಟು ನನ್ನ ಹಳೆಯ ಕ್ಯಾಮೆರಾದಲ್ಲಿ ಫೋಟೋ ತೆಗೆದೆ. ಮೊಬೈಲ್ ಬೇಡ. ಅದು ತಾನೇ ಕತ್ತಲನ್ನು ತಿಳಿ ಮಾಡಿ, ಬಣ್ಣ ತಿದ್ದಿಬಿಡುತ್ತದೆ. ಕ್ಯಾಮೆರಾ ತಾನೇ ಬಣ್ಣ ಬದಲಿಸದ ಹಾಗೆ ವೈಟ್ ಬ್ಯಾಲೆನ್ಸ್ ಅನ್ನು 5500 ಕೆಲ್ವಿನ್‌ಗೆ ಲಾಕ್ ಮಾಡಿದೆ. ಇದು ನನ್ನ ಸಾಕ್ಷಿ.

ಆಮೇಲೆ ಅದೇ ಮಾಡೆಲ್ ಅನ್ನು ಐದು ಕಡೆ ಹಾಕಿದೆ. 3ಡಿಎಸ್ ಮ್ಯಾಕ್ಸ್‌ನಲ್ಲಿ ಕೊರೋನಾ, ಸ್ಕೆಚ್‌ಅಪ್‌ನಲ್ಲಿ ವಿ-ರೇ ಮತ್ತು ಎನ್‌ಸ್ಕೇಪ್, ಬ್ಲೆಂಡರ್‌ನಲ್ಲಿ ಸೈಕಲ್ಸ್, ಕೊನೆಗೆ ಟ್ವಿನ್‌ಮೋಷನ್. ಮ್ಯಾಕ್ಸ್, ಸ್ಕೆಚ್‌ಅಪ್, ಬ್ಲೆಂಡರ್ ಮಾಡೆಲ್ ಕಟ್ಟುವ ಸಾಫ್ಟ್‌ವೇರ್‌ಗಳು, ಉಳಿದ ಐದು ಅದರಿಂದ ಚಿತ್ರ ತೆಗೆಯುವವು. ನನ್ನ ಹತ್ತಿರ ಇರುವುದು 16 ಕೋರ್‌ನ ಪ್ರೊಸೆಸರ್, 64 ಜಿಬಿ ರ‍್ಯಾಮ್, 12 ಜಿಬಿಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್.

ಕಾರ್ಡ್ ಬಗ್ಗೆ ಇಲ್ಲೇ ಒಂದು ಮಾತು. 3060 ಬಂದಿದ್ದು 2021ರಲ್ಲಿ. 2023ರಲ್ಲಿ 4060 ಬಂತು, ವೇಗ ಜಾಸ್ತಿ, ಆದರೆ ಮೆಮೊರಿ 8 ಜಿಬಿ. ನಂಬರ್ ದೊಡ್ಡದಾಯಿತು, ಹೊಟ್ಟೆ ಚಿಕ್ಕದಾಯಿತು. ಜಿಪಿಯು ರೆಂಡರ್‌ನಲ್ಲಿ, ಅಂದರೆ ಈ ಕಾರ್ಡ್ ಮೇಲೆ ನಡೆಯುವ ರೆಂಡರ್‌ನಲ್ಲಿ, ಇಡೀ ಸೀನ್ ಕಾರ್ಡಿನ ಮೆಮೊರಿಯಲ್ಲಿ ಕೂರಬೇಕು. ಹುಲ್ಲು, ಮರ, ದೊಡ್ಡ ಟೆಕ್ಸ್‌ಚರ್ (ಮೇಲ್ಮೈಗೆ ಹೊದಿಸುವ ಚಿತ್ರ) ಎಲ್ಲ ಸೇರಿ ತುಂಬಿಬಿಟ್ಟರೆ ರೆಂಡರ್ ತೆವಳುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ಕಾರ್ಡ್ ಕೊಳ್ಳುವವರು ಮೊದಲು ಮೆಮೊರಿ ನೋಡಿ. ಕೊರೋನಾಗೆ ಈ ತಾಪತ್ರಯ ಇಲ್ಲ. ಅದು ಪೂರ್ತಿ ಪ್ರೊಸೆಸರ್ ಮೇಲೆ ನಡೆಯುತ್ತದೆ, ಸಾದಾ ರ‍್ಯಾಮ್ ಬಳಸುತ್ತದೆ. ಮೇ ತಿಂಗಳಲ್ಲಿ ಕೋಣೆ ಮಾತ್ರ ಕಾದ ಹಂಚಾಗುತ್ತದೆ.

ಮೊದಲ ಸುತ್ತಿನ ಐದೂ ಚಿತ್ರ ಮಾನಿಟರ್ ಮೇಲೆ ಸಾಲಾಗಿ ಹಾಕಿದೆ. ಎಲ್ಲವೂ ಚೆನ್ನಾಗಿಯೇ ಇದ್ದವು. ಕೊರೋನಾ 40 ನಿಮಿಷ ತೆಗೆದುಕೊಂಡಿತ್ತು, ಸೈಕಲ್ಸ್ 18. ಎನ್‌ಸ್ಕೇಪ್ ಮತ್ತು ಟ್ವಿನ್‌ಮೋಷನ್ ಲೈವ್, ಕ್ಷಣದ ಕೆಲಸ. ನಾನು ಝೂಮ್ ಮಾಡಿ ಕಡಪಾದ ಮೇಲಿನ ಹೊಳಪು, ಡಬ್ಬಿಯ ಪ್ರತಿಬಿಂಬ ಹೋಲಿಸುತ್ತಾ ಕೂತಿದ್ದೆ. ಅಂಕ ಕೊಡಲು ಒಂದು ಪಟ್ಟಿಯನ್ನೂ ಮಾಡಿದ್ದೆ. ಅತ್ತೆ ಚಹಾ ತಂದಿಟ್ಟರು. ಸ್ವಲ್ಪ ಹೊತ್ತು ಹಿಂದೆಯೇ ನಿಂತರು.

"ಇದು ಯಾವ ಹೊತ್ತಿಂದವಾ?"

"ಸಂಜಿಮುಂದಿಂದ್ರಿ. ನಾಕೂವರಿ."

"ಸಂಜಿಮುಂದ ನಮ್ಮ ಅಡಿಗಿಮನಿ ಹಿಂಗ ಬೆಳ್ಳಗ ಇರತೈತೇನ? ಅರಿಶಿಣ ಹಚ್ಚಿದಂಗ ಇರತೈತಿ."

ಎದ್ದು ಹೋಗಿ ನೋಡಿದೆ. ಹೌದು. ಬಿಳಿ ಟೈಲ್ಸ್ ಮೇಲೆ, ಸ್ಟೀಲ್ ಡಬ್ಬಿಯ ಅಂಚಿಗೆ, ಕಡಪಾದ ಮೇಲಿನ ನೀರಿನ ಹನಿಗೂ ಒಂದು ತೆಳು ಹಳದಿ ಹತ್ತಿತ್ತು. ನನ್ನ ಐದೂ ಚಿತ್ರಗಳಲ್ಲಿ ಟೈಲ್ಸ್ ತಣ್ಣಗೆ ನೀಲಿ ಬಿಳಿ. ಮೊದಲೇ ತೆಗೆದಿಟ್ಟ ಫೋಟೋ ನೋಡಿದರೆ ಅದರಲ್ಲೂ ಹಳದಿಯೇ ಇದೆ. ಎರಡು ದಿನದಿಂದ ಕಣ್ಣ ಮುಂದೆ ಇತ್ತು, ಫೋಟೋದ ಬಣ್ಣ ಹೀಗೇ ಬಂದಿದೆ ಎಂದುಕೊಂಡು ಬಿಟ್ಟಿದ್ದೆ. ಅತ್ತೆ 30 ವರ್ಷದಿಂದ ಆ ಕಟ್ಟೆಯ ಮುಂದೆ ನಿಂತವರು.

ಹಳದಿ ಎಲ್ಲಿಂದ ಬರುತ್ತದೆ ಎಂದು ಅವರೇ ತೋರಿಸಿದರು. ಕಿಟಕಿಯ ಎದುರಿನ ಕಟ್ಟಡ. ನಮ್ಮದು ಮೂರು ಮಹಡಿಯ ಹಳೆಯ ಸೊಸೈಟಿ, ನಮ್ಮ ಮನೆ ಮೇಲಿನ ಮಹಡಿಯಲ್ಲಿ. ಎದುರಿನದೂ ಮೊದಲು ಹಾಗೇ ಇತ್ತು. ರಿಡೆವಲಪ್‌ಮೆಂಟ್ ಎಂದು ಹಳೆಯದನ್ನು ಕೆಡವಿ ಈಗ ಏಳು ಮಹಡಿ ಎದ್ದಿದೆ. ಮೈಗೆಲ್ಲ ಹಳದಿ ಬಣ್ಣ. ನಮಗೂ ಅದಕ್ಕೂ ನಡುವೆ 22 ಅಡಿ. ನಾಲ್ಕೂವರೆಗೆ ಸೂರ್ಯ ನಮ್ಮ ತಾರಸಿಯ ಮೇಲಿಂದ ದಾಟಿ ಅದರ ಮೇಲಿನ ಮಹಡಿಗಳ ಗೋಡೆಗೆ ನೇರ ಹೊಡೆಯುತ್ತಾನೆ. ಆ ಗೋಡೆ ಬೆಳಗಿ ನಮ್ಮ ಕಿಟಕಿಗೆ ಬೆಳಕು ಕಳಿಸುತ್ತದೆ. ಸಂಜೆ ನಮ್ಮ ಅಡುಗೆಮನೆಗೆ ಸೂರ್ಯ ಅಂದರೆ ಆ ಗೋಡೆಯೇ.

ನಾನು ಆ ಕಟ್ಟಡವನ್ನು ಮಾಡೆಲ್‌ನಲ್ಲಿ ಇಟ್ಟಿರಲೇ ಇಲ್ಲ. ಕಿಟಕಿಯಾಚೆ ಎಲ್ಲರೂ ಹಾಕುವ ಹಾಗೆ ಒಂದು ಆಕಾಶದ ಚಿತ್ರ ಹಾಕಿದ್ದೆ. ಯಾವುದೋ ಯೂರೋಪಿನ ಬಯಲಿನ ಆಕಾಶ. ಸಾಫ್ಟ್‌ವೇರ್‌ಗಳು ನಾನು ಕೊಟ್ಟ ಆಕಾಶವನ್ನೇ ಒಳಗೆ ತಂದಿದ್ದವು. ಅವುಗಳ ತಪ್ಪೇನಿಲ್ಲ. ಅಂಕದ ಪಟ್ಟಿ ಹರಿದು ಹಾಕಿ ಎರಡನೇ ಸುತ್ತು ಶುರು ಮಾಡಿದೆ.

ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್ ತಂದು ಕಿಟಕಿಯಲ್ಲಿ ಹಿಡಿದು ಹಳದಿ ಹೊಂದಿಸಿದೆ. ಎದುರಿನ ಕಟ್ಟಡವನ್ನು ಏಳು ಮಹಡಿಯ ಸಾದಾ ಡಬ್ಬಿಯ ಹಾಗೆ ಕಟ್ಟಿದೆ, ಕಿಟಕಿಗಳ ತೂತು ಬಿಟ್ಟು. ನಮ್ಮ ಕಟ್ಟಡದ ತಾರಸಿಯನ್ನೂ ಸೇರಿಸಿದೆ, ನೆರಳಿನ ಗೆರೆ ಅದರಿಂದಲೇ ಬರುವುದು. ಊರು ಪುಣೆ, ಹೊತ್ತು ನವೆಂಬರ್ ಸಂಜೆ ನಾಲ್ಕೂವರೆ. ಇನ್ನೊಂದನ್ನೂ ಸರಿ ಮಾಡಿದೆ. ಬಿಳಿ ಗೋಡೆಗೆ ಪೂರ್ತಿ ಬಿಳಿ ಹಾಕಬಾರದು. ಒಳ್ಳೆಯ ಬಿಳಿ ಬಣ್ಣದ ಗೋಡೆಯೂ ಬಿದ್ದ ಬೆಳಕಿನ ಸುಮಾರು 80 ಶೇಕಡವನ್ನು ಮಾತ್ರ ವಾಪಸ್ ಕೊಡುತ್ತದೆ. ನೂರಕ್ಕೆ ನೂರು ಹಾಕಿದರೆ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಇರುತ್ತದೆ. ಕೋಣೆ ಹಾಲಿನಲ್ಲಿ ಅದ್ದಿದ ಹಾಗೆ ಆಗುತ್ತದೆ, ರೆಂಡರ್ ಸಮಯವೂ ಜಾಸ್ತಿ.

ಈ ಸುತ್ತಿನಲ್ಲಿ ವ್ಯತ್ಯಾಸ ಎದ್ದು ಕಂಡಿತು.

ಕೊರೋನಾ, ವಿ-ರೇ, ಸೈಕಲ್ಸ್ ಮೂರೂ ಬೆಳಕಿನ ದಾರಿಯನ್ನು ಒಂದೊಂದಾಗಿ ಹಿಂಬಾಲಿಸುತ್ತವೆ. ಕ್ಯಾಮೆರಾದಿಂದ ಒಂದು ಗೆರೆ ಹೊರಟು ಕಡಪಾಕ್ಕೆ ತಾಗಿ, ಟೈಲ್ಸ್‌ಗೆ ಪುಟಿದು, ಗ್ರಿಲ್ ಸಂದಿನಿಂದ ಹೊರಗೆ ಹೋಗಿ, ಹಳದಿ ಗೋಡೆ ಮುಟ್ಟಿ, ಅಲ್ಲಿಂದ ಸೂರ್ಯನನ್ನು ಕಾಣುತ್ತದೆ. ಇದರ ಸಮೀಕರಣ ಬರೆದವರು ಜೇಮ್ಸ್ ಕಜಿಯಾ, 1986ರಲ್ಲಿ. ಪಾತ್ ಟ್ರೇಸಿಂಗ್ ಎನ್ನುವ ಹೆಸರೂ ಅಲ್ಲಿಂದಲೇ. ಇಷ್ಟು ಪುಟಿತ ಬೇಕಾದ ಕಡೆ ಸೆಟ್ಟಿಂಗ್ ನೋಡಿಕೊಳ್ಳಬೇಕು. ಸೈಕಲ್ಸ್‌ನಲ್ಲಿ ಗೋಡೆಯಂಥ ಮಂಕು ಮೈಯಿಂದ ನಾಲ್ಕು ಪುಟಿತಕ್ಕೆ ನಿಲ್ಲುವ ಹಾಗೆ ಮೊದಲೇ ಇರುತ್ತದೆ. ಬಯಲಿಗೆ ಅಷ್ಟು ಸಾಕು, ಗ್ರಿಲ್ ಹಾಕಿದ ಅಡುಗೆಮನೆಗೆ ಸಾಲದು. ಎಂಟಕ್ಕೆ ಏರಿಸಿದ ಮೇಲೆ ಅಟ್ಟದ ಕೆಳಗಿನ ಕತ್ತಲೆ ಮೂಲೆಗೂ ಹಳದಿ ಬಂತು.

ಬೆಳಕು ಹೀಗೆ ಸಣ್ಣ ಕಿಂಡಿಯಿಂದ ಸುತ್ತಿ ಬಂದಾಗ ನಾಯ್ಸ್, ಅಂದರೆ ಚುಕ್ಕೆಗಳು, ತುಂಬಾ. ಕರಿ ಕಡಪಾದ ಮೇಲೆ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಅದನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಸ್ಯಾಂಪಲ್ (ಬೆಳಕಿನ ಗೆರೆಗಳು) ಬೇಕು, ಅಂದರೆ ನಾಲ್ಕು ಪಟ್ಟು ಹೊತ್ತು. ಇನ್ನೂ ಅರ್ಧ ಬೇಕೆಂದರೆ ಹದಿನಾರು. ಅದಕ್ಕೇ ಎಲ್ಲರೂ ಈ ಚುಕ್ಕೆಗಳನ್ನು ಅಳಿಸುವ ಡೀನಾಯ್ಸರ್ ಮೊರೆ ಹೋಗುತ್ತಾರೆ. ಇಂಟೆಲ್ ತನ್ನ ಓಪನ್ ಇಮೇಜ್ ಡೀನಾಯ್ಸ್ ಅನ್ನು 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ನಮ್ಮಂಥ ಸಣ್ಣವರಿಗೆ ಜೀವ ಬಂತು. ಆದರೆ ಬೇಗ ಹಾಕಿದರೆ ಅದು ವಿವರ ನುಂಗುತ್ತದೆ. ನನ್ನ ಮೊದಲ ಸಲದ ಚಿತ್ರದಲ್ಲಿ ಕೋಟಾ ಕಲ್ಲಿನ ಮಚ್ಚೆಗಳು ಕರಗಿದ ಮೇಣದ ಹಾಗಾಗಿದ್ದವು. ಗ್ರಿಲ್‌ನ ತುಕ್ಕು ಮಾಯ. ಸ್ಯಾಂಪಲ್ ಜಾಸ್ತಿ ಕೊಟ್ಟು ಕೊನೆಗೆ ಸ್ವಲ್ಪವೇ ಡೀನಾಯ್ಸ್ ಮಾಡಿದಾಗ ಕಲ್ಲು ಕಲ್ಲಾಯಿತು. ಕೋಟಾ ನೆಲ ನೋಡಿ ಬೆಳೆದವರಿಗೆ ಆ ಮಚ್ಚೆ ಇಲ್ಲದಿದ್ದರೆ ಅದು ಕೋಟಾ ಅಲ್ಲ.

ಲೈವ್ ಸಾಫ್ಟ್‌ವೇರ್‌ಗಳ ಕಥೆ ಬೇರೆ. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ಕೊಡಬೇಕು. ಹಾಗಾಗಿ ಪುಟಿದ ಬೆಳಕನ್ನು ಪೂರ್ತಿ ಲೆಕ್ಕ ಹಾಕದೆ ಅಂದಾಜು ಕಟ್ಟುತ್ತವೆ. ನಮ್ಮ ಅಡುಗೆಮನೆಯ ಹಳದಿ ಲೈವ್‌ನಲ್ಲಿ ಬಂತು, ಆದರೆ ತೆಳ್ಳಗೆ. ಮೂಲೆಗೆ ಮುಟ್ಟಲಿಲ್ಲ. ಟ್ವಿನ್‌ಮೋಷನ್‌ನಲ್ಲೇ ಪಾತ್ ಟ್ರೇಸರ್ ಒತ್ತಿ ಸ್ವಲ್ಪ ಕಾದರೆ ಆಗ ಸರಿಯಾಗಿ ತುಂಬಿತು.

ಹಾಗಾದರೆ ಲೈವ್ ಬೇಡವೇ? ಹಾಗೆ ಹೇಳಲಾರೆ. ಗೋವಾದ ಒಂದು ಕೆಲಸ ನನ್ನ ಮನಸ್ಸು ಬದಲಿಸಿದೆ.

ಮಡಗಾಂವ್‌ನಲ್ಲಿ ಕಾರವಾರ ಕಡೆಯ ಒಬ್ಬ ಹಿರಿಯ ದಂಪತಿ ಇದ್ದಾರೆ. ಹಳೆಯ ಮನೆ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹಂಚು. ನಡುಮನೆ ಹಗಲಲ್ಲೂ ಕತ್ತಲೆ. ಸೂರಿನಲ್ಲಿ ಗಾಜಿನ ಹಂಚು ಹಾಕಿಸಬೇಕು. ಎಷ್ಟು, ಎಲ್ಲಿ ಎಂಬುದೇ ಪ್ರಶ್ನೆ. ನಾನು ಮೊದಲು ಮೂರು ಸ್ಟಿಲ್ ಮಾಡಿ ಕಳಿಸಿದ್ದೆ, ಒಂದೊಂದಕ್ಕೂ ಅರ್ಧ ರಾತ್ರಿ ರೆಂಡರ್. ಅಜ್ಜನಿಗೆ ಯಾವುದೂ ಮನಸ್ಸಿಗೆ ಬರಲಿಲ್ಲ. "ತಂಗೀ, ಇದ್ರಲ್ಲಿ ದೇವರ ಕೋಣೆ ಬಾಗಿಲಿಗೆ ಬೆಳಕು ಎಷ್ಟೊತ್ತಿಗೆ ಬರ್ತದೆ, ಅದು ಗೊತ್ತಾಗೂದಿಲ್ಲ ನೋಡು" ಎಂದರು. ಮುಂದಿನ ಸಲ ಲ್ಯಾಪ್‌ಟಾಪ್‌ನಲ್ಲಿ ಟ್ವಿನ್‌ಮೋಷನ್ ತೆಗೆದುಕೊಂಡು ಹೋದೆ. ಜಗುಲಿಯಲ್ಲಿ ಕೂತು ಹಂಚು ಒಂದೊಂದೇ ಗಾಜು ಮಾಡುತ್ತಾ ಹೋದೆವು. ಹೊತ್ತಿನ ಸ್ಲೈಡರ್ ಅನ್ನು ಅಜ್ಜನೇ ಎಳೆದರು. ಬೆಳಕಿನ ಚೌಕ ನೆಲದ ಮೇಲೆ ಸರಿಯುತ್ತಾ ಬಂದು ಬೆಳಗ್ಗೆ ಒಂಬತ್ತರ ಹೊತ್ತಿಗೆ ದೇವರ ಕೋಣೆಯ ಹೊಸ್ತಿಲು ಮುಟ್ಟಿತು. "ಹಾಂ, ನಿಲ್ಸು" ಎಂದರು. ನಾಲ್ಕು ಹಂಚು, ಪೂರ್ವದ ಇಳಿಜಾರಿನಲ್ಲಿ, ಎರಡನೇ ಸಾಲು. ಒಂದು ಗಂಟೆಯಲ್ಲಿ ತೀರ್ಮಾನ ಆಯಿತು. ಆ ಚಿತ್ರದಲ್ಲಿ ಜಂಬಿಟ್ಟಿಗೆಯ ತೂತುಗಳು ಚಪ್ಪಟೆಯಾಗಿದ್ದವು. ಗೋಡೆಯ ಕೆಂಪು ನೆಲಕ್ಕೆ ಸರಿಯಾಗಿ ಹತ್ತಿರಲಿಲ್ಲ. ಅವತ್ತು ಅದು ಯಾರಿಗೂ ಬೇಕಿರಲಿಲ್ಲ. ಬೇಕಿದ್ದದ್ದು ಬೆಳಕು ಎಷ್ಟೊತ್ತಿಗೆ ಎಲ್ಲಿ ಎಂಬುದು, ಮತ್ತು ಎಳೆದು ನೋಡಲು ಒಂದು ಸ್ಲೈಡರ್.

ವಾಕ್‌ಥ್ರೂ, ಅಂದರೆ ಮನೆಯೊಳಗೆ ನಡೆದಾಡಿದ ಹಾಗೆ ತೋರಿಸುವ ವೀಡಿಯೊ ವಿಷಯದಲ್ಲೂ ಲೈವ್‌ಗೆ ಎದುರಿಲ್ಲ. ಎರಡು ನಿಮಿಷದ ವೀಡಿಯೊ, ಸೆಕೆಂಡಿಗೆ 25 ಫ್ರೇಮ್ ಅಂದರೆ 3000 ಚಿತ್ರ. ಒಂದೊಂದಕ್ಕೆ 20 ನಿಮಿಷ ಹಿಡಿದರೆ ನನ್ನ ಒಂದು ಮಷಿನ್ ಸುಮಾರು 42 ದಿನ ಹಗಲೂ ರಾತ್ರಿ ಓಡಬೇಕು. ಸ್ಟುಡಿಯೋದಲ್ಲಿದ್ದಾಗ ಟೌನ್‌ಶಿಪ್ ವೀಡಿಯೊಗಳನ್ನೆಲ್ಲ ಲ್ಯೂಮಿಯಾನ್ ಎಂಬ ಲೈವ್ ಸಾಫ್ಟ್‌ವೇರ್‌ನಲ್ಲೇ ಮಾಡುತ್ತಿದ್ದೆವು. ನೆದರ್ಲೆಂಡ್ಸ್‌ನವರು 2010ರಲ್ಲಿ ತಂದಿದ್ದು. ಮರ, ಜನ, ಕಾರು ರಾಶಿ ರಾಶಿ ಹಾಕಿ ಮರುದಿನ ಬೆಳಗ್ಗೆ ವೀಡಿಯೊ ಕೊಡಬಹುದಿತ್ತು. ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ, ಮ್ಯಾಕ್ ಇರುವವರು ಗಮನಿಸಿ. 3ಡಿಎಸ್ ಮ್ಯಾಕ್ಸ್‌ಗೂ ಇದೇ ಮಾತು.

ಕೊನೆಗೆ ನಾನು ಏನು ಆರಿಸಿದೆ ಎಂದರೆ, ಸ್ಟಿಲ್ ಚಿತ್ರಕ್ಕೆ ಬ್ಲೆಂಡರ್ ಸೈಕಲ್ಸ್, ಜನರ ಜೊತೆ ಕೂತು ನಿರ್ಧಾರ ಮಾಡಲು ಟ್ವಿನ್‌ಮೋಷನ್. ಹಳೆಯ ಲೈಸೆನ್ಸ್ ಮತ್ತೆ ಕಟ್ಟಲಿಲ್ಲ.

ದುಡ್ಡೂ ಒಂದು ಕಾರಣ, ಅದನ್ನು ಮುಚ್ಚಿಡುವುದಿಲ್ಲ. ಬ್ಲೆಂಡರ್ ಪೂರ್ತಿ ಉಚಿತ. 2002ರಲ್ಲಿ ಜನರೇ ಚಂದಾ ಸೇರಿಸಿ, ಒಂದು ಲಕ್ಷ ಯೂರೋ ಕೊಟ್ಟು ಅದರ ಸೋರ್ಸ್ ಕೋಡ್ ಅನ್ನು ಎಲ್ಲರಿಗೂ ಸಿಗುವಂತೆ ಬಿಡಿಸಿಕೊಂಡರು. ಆ ಕಥೆ ನನಗೆ ಯಾವಾಗಲೂ ಇಷ್ಟ. ಸೈಕಲ್ಸ್ ಅದರೊಳಗೆ 2011ರಲ್ಲಿ ಸೇರಿತು. 2019ರ 2.8 ಆವೃತ್ತಿ ಬರುವ ತನಕ ನನಗೆ ಅದನ್ನು ಕೈಗೆ ಹತ್ತಿಸಿಕೊಳ್ಳಲು ಆಗಿರಲಿಲ್ಲ, ಆಮೇಲೆ ಸಲೀಸಾಯಿತು. ಟ್ವಿನ್‌ಮೋಷನ್ ಅನ್ನು ಎಪಿಕ್ ಗೇಮ್ಸ್ 2019ರಲ್ಲಿ ಕೊಂಡಿತು. 2024ರಿಂದ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಒಳಗೆ ದುಡಿಯುವವರಿಗೆ ಉಚಿತ. ಕೋಥ್ರುಡ್‌ನ ಹಿಂದಿನ ಕೋಣೆಯಿಂದ ಕೆಲಸ ಮಾಡುವ ನನಗೆ ಆ ಮಿತಿ ಧಾರಾಳವಾಯಿತು.

ಆದರೆ ಕೊರೋನಾವನ್ನು ಪೂರ್ತಿ ಬಿಟ್ಟಿಲ್ಲ. ಎರಡು ಸ್ಟುಡಿಯೋಗಳು ನನಗೆ ಕೆಲಸ ಹಂಚುತ್ತವೆ. ಅವರ ಫೈಲ್‌ಗಳೆಲ್ಲ ಮ್ಯಾಕ್ಸ್ ಮತ್ತು ಕೊರೋನಾ, ಲೈಸೆನ್ಸ್ ಅವರದೇ. ಸಂಜೆ ಹೊತ್ತಿನ ಇಂಟೀರಿಯರ್‌ಗೆ ಅದರ ಲೈಟ್‌ಮಿಕ್ಸ್ ನನಗೆ ಈಗಲೂ ಎಲ್ಲಕ್ಕಿಂತ ಇಷ್ಟ. ರೆಂಡರ್ ಮುಗಿದ ಮೇಲೂ ಒಂದೊಂದೇ ದೀಪದ ಬೆಳಕು, ಬಣ್ಣ ಏರಿಸಿ ಇಳಿಸಬಹುದು. "ಟ್ಯೂಬ್‌ಲೈಟ್ ಬೇಡ, ವಾರ್ಮ್ ಹಾಕಿ" ಎಂದು ರಾತ್ರಿ ಹತ್ತಕ್ಕೆ ಫೋನ್ ಬಂದರೆ ಮತ್ತೆ ರೆಂಡರ್ ಹಚ್ಚಬೇಕಿಲ್ಲ. ನಡುವೆ ಕರೆಂಟ್ ಹೋದರೂ, ಉಳಿಸಿದ ಫೈಲ್‌ನಿಂದ ಅಲ್ಲಿಂದಲೇ ಮುಂದುವರಿಸಬಹುದು. ಪ್ರಾಗ್‌ನಲ್ಲಿ ಒಬ್ಬ ವಿದ್ಯಾರ್ಥಿ 2009ರಲ್ಲಿ ಓದಿನ ಪ್ರಾಜೆಕ್ಟ್ ಎಂದು ಶುರು ಮಾಡಿದ ಕೆಲಸ ಅದು. 2017ರಲ್ಲಿ ವಿ-ರೇ ಮಾಡುವ ಬಲ್ಗೇರಿಯಾದ ಕೇಯಾಸ್ ಕಂಪನಿ ಅದನ್ನು ತೆಗೆದುಕೊಂಡಿತು. 2022ರಲ್ಲಿ ಎನ್‌ಸ್ಕೇಪ್ ಕೂಡ ಅದರ ಜೊತೆ ಸೇರಿತು. ಹಾಗಾಗಿ ನೀವು ಮೂರರ ನಡುವೆ ತೂಗುತ್ತಿದ್ದರೆ, ಮೂರೂ ಈಗ ಒಂದೇ ಮನೆಯವು.

ಕೆಲಸಕ್ಕೆ ಸೇರಲು ಹೊರಟ ಹುಡುಗರಿಗೆ ಬೇರೆ ಮಾತು. ಕಲಬುರಗಿಯ ನಮ್ಮ ನೆಂಟರ ಹುಡುಗ ಬಿ.ಆರ್ಕ್ ಮುಗಿಸಿ ಇಲ್ಲಿಗೆ ಬಂದಿದ್ದಾನೆ. ಅವನಿಗೆ ಮ್ಯಾಕ್ಸ್ ಕಲಿ ಎಂದೇ ಹೇಳಿದೆ. ನಾನು ಕಂಡ ಪುಣೆ, ಮುಂಬೈ ಸ್ಟುಡಿಯೋಗಳಲ್ಲಿ ಕೇಳುವುದು ಅದನ್ನೇ. ಮ್ಯಾಕ್ಸ್ ಮಾಡುವ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಅದನ್ನು ಉಚಿತವಾಗಿ ಕೊಡುತ್ತದೆ, ಓದುತ್ತಿರುವಾಗಲೇ ತೆಗೆದುಕೊಳ್ಳಿ. ಕ್ರ್ಯಾಕ್, ಅಂದರೆ ಲೈಸೆನ್ಸ್ ಮುರಿದ ಕಳ್ಳ ಪ್ರತಿ, ಹಾಕಬೇಡಿ. ಅದರ ಜೊತೆ ಬಂದ ವೈರಸ್‌ನಿಂದ ಒಬ್ಬ ಗೆಳತಿಯ ಎರಡು ವರ್ಷದ ಫೈಲ್‌ಗಳು ಹೋದವು. ಅವಳು ಅತ್ತಿದ್ದನ್ನು ನೋಡಿದ್ದೇನೆ.

ಈಗ ನಾನು ಕೆಲಸ ಒಪ್ಪಿಕೊಳ್ಳುವಾಗ ಪ್ಲಾನ್ ಜೊತೆ ಇನ್ನೊಂದನ್ನೂ ಕೇಳುತ್ತೇನೆ. ಪ್ರತಿ ಕಿಟಕಿಯಿಂದ ಹೊರಗಿನ ಒಂದು ಫೋಟೋ. ಎದುರಿನ ಗೋಡೆ ಎಷ್ಟು ದೂರ, ಯಾವ ಬಣ್ಣ. ಆರ್ಕಿಟೆಕ್ಟ್‌ಗಳು ಮೊದಲು ಆಶ್ಚರ್ಯಪಟ್ಟರು, ಈಗ ಕಳಿಸುತ್ತಾರೆ. ಒಬ್ಬರಂತೂ ಅದನ್ನು ನೋಡಿ ಮಕ್ಕಳ ಕೋಣೆಯ ಕಿಟಕಿಯನ್ನೇ ಬೇರೆ ಗೋಡೆಗೆ ಸರಿಸಿದರು.

ಹೋದ ವಾರ ಎದುರಿನ ಕಟ್ಟಡಕ್ಕೆ ಬಿದಿರು ಕಟ್ಟಲು ಶುರು ಮಾಡಿದ್ದಾರೆ. ಬಣ್ಣ ಬದಲಿಸುತ್ತಾರಂತೆ. ಬೂದು ಎಂದು ವಾಚ್‌ಮನ್ ಹೇಳಿದ. ಅತ್ತೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಕಿ ತೋರಿಸು ನೋಡೂಣು" ಎಂದರು. ಅಡುಗೆಮನೆಯ ಫೈಲ್ ತೆರೆದು ಎದುರಿನ ಗೋಡೆಗೆ ಬೂದು ಹಾಕಿ ರೆಂಡರ್ ಹಚ್ಚಿದೆ. ಮುಕ್ಕಾಲು ಗಂಟೆ ಕಾದರು. ಸಂಜೆಯ ಬೆಳಕು ಅರ್ಧಕ್ಕೆ ಇಳಿದಿತ್ತು. ಟೈಲ್ಸ್ ಮಂಕು, ಅಟ್ಟದ ಕೆಳಗೆ ಕತ್ತಲೆ. ಕಡು ಬೂದು ಗೋಡೆ ಬಿದ್ದ ಬೆಳಕಿನ ಬಹುಪಾಲನ್ನು ಇಟ್ಟುಕೊಂಡುಬಿಡುತ್ತದೆ. "ನಾಕ್ ಗಂಟೇಕ್ಕ ಲೈಟ್ ಹಾಕಬೇಕಾಕೈತಿ" ಎಂದರು ಅತ್ತೆ.

ತಿಳಿ ಕೆನೆ, ತಿಳಿ ಪೀಚ್, ಈಗಿನ ಹಳದಿ ಸೇರಿಸಿ ಒಟ್ಟು ನಾಲ್ಕು ಚಿತ್ರ ಮಾಡಿ ಪ್ರಿಂಟ್ ಹಾಕಿಸಿದೆ. ಮೊನ್ನೆ ಸಂಜೆ ಅತ್ತೆ ಮತ್ತು ನಾನು ಎದುರಿನ ಸೊಸೈಟಿಯ ಸೆಕ್ರೆಟರಿ ಕಾಕಾ ಮನೆಗೆ ಹೋದೆವು. ಅವರು ನಾಲ್ಕನ್ನೂ ಮೇಜಿನ ಮೇಲೆ ಹರಡಿ ಕನ್ನಡಕ ಏರಿಸಿ ನೋಡಿದರು. ಹೆಂಡತಿಯನ್ನು ಕರೆದರು. ಅವರ ಅಡುಗೆಮನೆ ಪಶ್ಚಿಮಕ್ಕೆ, ನಮ್ಮ ಕಟ್ಟಡದ ಕಡೆಗೆ. ಬೆಳಗ್ಗೆ ಅವರ ಮನೆಗೆ ಬೆಳಕು ಕೊಡುವುದು ನಮ್ಮ ಗೋಡೆಯಂತೆ. ನಮ್ಮದನ್ನು ಯಾವಾಗ ಬಳಿಸುತ್ತೀರಿ ಎಂದು ಕಾಕಿ ಅತ್ತೆಯನ್ನು ಮರಾಠಿಯಲ್ಲಿ ಕೇಳಿದರು. ಇಬ್ಬರೂ ಕಿಟಕಿಯ ಹತ್ತಿರ ಹೋಗಿ ನಿಂತರು. ಬಣ್ಣ ಇನ್ನೂ ನಿರ್ಧಾರವಾಗಿಲ್ಲ. ಬಿದಿರು ಐದನೇ ಮಹಡಿಯ ತನಕ ಬಂದಿದೆ.